ಏಳು ಟೈಪ್‌ರೈಟರ್‌ಗಳು ಮಾರಾಟಕ್ಕಿವೆ

ಈ ಸಂಗತಿ ನಡೆದದ್ದು 2007ನೇ ಇಸವಿಯ ಮಾರ್ಚ್ 12ರ ಸೋಮವಾರದಿಂದ ಜೂನ್ 4ರ ಸೋಮವಾರದವರೆಗೆ, ಸರಿಯಾಗಿ ಹನ್ನೆರಡು ವಾರಗಳಲ್ಲಿ. ಮೊದಲನೆಯ ವಾರ ಗುಜರಿಯವನು ಬಂದು ಹೋದ. ಮೂರನೆಯ ವಾರ ಒಂದು ಟೈಪ್‌ರೈಟರ್ ಬಸ್ಸು ಹತ್ತಿತು. ಆರನೆಯ ವಾರದಿಂದ ಹತ್ತನೆಯ ವಾರದೊಳಗೆ ಉಳಿದ ಆರು ಹೊರಟವು. ಯಾವುದಾದ ಮೇಲೆ ಯಾವುದು ಎಂಬುದು ಇಲ್ಲಿ ಮುಖ್ಯವಾದ್ದರಿಂದ, ನಡೆದ ಕ್ರಮದಲ್ಲಿಯೇ ಹೇಳಲಾಗಿದೆ.

ಸಿದ್ದಾಪುರದ ಬಸ್ ನಿಲ್ದಾಣಕ್ಕೆ ಸಮೀಪದಲ್ಲಿ, ಪುಸ್ತಕದಂಗಡಿಯೊಂದರ ಮಹಡಿಯಲ್ಲಿ, ಪರಿಮಳಾ ಹೆಗಡೆಯವರು ಹದಿನೇಳು ವರ್ಷಗಳಿಂದ ಟೈಪಿಂಗ್ ತರಗತಿ ನಡೆಸುತ್ತಿದ್ದರು. ಒಂದು ಕಾಲದಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಆ ಮಹಡಿಯ ಸದ್ದು ಕೆಳಗಿನ ರಸ್ತೆಗೆ ಕೇಳಿಸುತ್ತಿತ್ತು. ಆ ವರ್ಷದ ಮಾರ್ಚ್ ಹೊತ್ತಿಗೆ ವಿದ್ಯಾರ್ಥಿಗಳು ಮೂವರೇ ಉಳಿದಿದ್ದರು. ಉಳಿದವರೆಲ್ಲ ಮೆಟ್ಟಿಲು ಹತ್ತಿ ಬಂದು, ಕಂಪ್ಯೂಟರ್ ಇದೆಯೇ ಎಂದು ಕೇಳಿ, ಇಳಿದು ಹೋಗುತ್ತಿದ್ದರು. ಅಂಗಡಿಯ ಯಜಮಾನರು ಒರಟು ಮನುಷ್ಯರಲ್ಲ. ಜೂನ್ ಮೊದಲ ವಾರದೊಳಗೆ ಒಂದಾದರೂ ಕಂಪ್ಯೂಟರ್ ಇಟ್ಟು ತರಗತಿ ಮುಂದುವರಿಸಿದರೆ ಕೋಣೆ ಅವರದೇ, ಇಲ್ಲವಾದರೆ ಮೊಬೈಲ್ ಅಂಗಡಿಯವರು ಕೇಳುತ್ತಿದ್ದಾರೆ ಎಂದು ಮೃದುವಾಗಿಯೇ ಹೇಳಿದ್ದರು.

ಪರಿಮಳಾ ಅವರ ಬಳಿ ಇದ್ದದ್ದು ಏಳು ಟೈಪ್‌ರೈಟರ್‌ಗಳು. ನಾಲ್ಕು ಕನ್ನಡದವು, ಎರಡು ಇಂಗ್ಲಿಷಿನ ದೊಡ್ಡವು, ಇನ್ನೊಂದು ಇಂಗ್ಲಿಷಿನದೇ ಆದ, ಹಿಡಿಕೆಯಿರುವ ಪೆಟ್ಟಿಗೆಯೊಳಗೆ ಕೂರುವ ಸಣ್ಣ ಯಂತ್ರ. ಇವುಗಳನ್ನು ಮಾರಿಯೇ ಕಂಪ್ಯೂಟರ್ ತರಬೇಕಾಗಿತ್ತು.

ಮೊದಲ ವಾರ ಬಂದ ಗುಜರಿಯವನು ಯಂತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಕೀಲಿಗಳನ್ನು ಮುಟ್ಟಲಿಲ್ಲ. ಎಲ್ಲ ಸೇರಿ ಒಂದು ಕ್ವಿಂಟಲಿಗೆ ಸ್ವಲ್ಪ ಕಡಿಮೆ ತೂಗಬಹುದೆಂದು ಹೇಳಿ, ಕಿಲೋಗ್ರಾಂ ಲೆಕ್ಕದಲ್ಲಿ ಬೆಲೆ ಕಟ್ಟಿದ. ಅವನು ಕಟ್ಟಿದ ಬೆಲೆಗೆ ಕಂಪ್ಯೂಟರ್ ಇಡುವ ಮೇಜೂ ಬರುತ್ತಿರಲಿಲ್ಲ. ಪರಿಮಳಾ ಅವರ ಅತ್ತೆ ದೇವಕಿಯವರಿಗೆ ಮಾತ್ರ ಅದು ಸರಿಯಾಗಿಯೇ ಕಂಡಿತು.

"ಕಬ್ಬಿಣಕ್ಕೆ ಕಬ್ಬಿಣದ ರೇಟೇಯ. ಅವ ಮನೆಬಾಗ್ಲಿಗೇ ಬತ್ತ, ನಿಂಗೆ ಇನ್ನೆಂತ ಬೇಕು?" ಎಂದರು.

"ನಾಕ್ನೂರು ಜನ ಕಲ್ತ ಮಷಿನ್ನು ಇದು, ಅತ್ತೆ. ಕೆ.ಜಿ. ಲೆಕ್ಕದಲ್ಲಿ ಆನು ಕೊಡ್ತ್ನಿಲ್ಲೆ."

"ಹಂಗಾರೆ ಗಾಜಿನ ಪೆಟ್ಟಿಗೆಲಿ ಇಟ್ಟು ದಿನಾ ಹೂವು ಹಾಕು."

ಆದರೂ ಗುಜರಿಯವನು ಬರಿಗೈಯಲ್ಲಿ ಹೋಗಲಿಲ್ಲ. ಕಾಲು ಮುರಿದ ನಾಲ್ಕು ಮಡಚುವ ಕುರ್ಚಿಗಳನ್ನು ಪರಿಮಳಾ ಅವನಿಗೇ ಕೊಟ್ಟರು. ಅವು ನಿಜವಾಗಿಯೂ ಕಬ್ಬಿಣವಾಗಿಯಷ್ಟೇ ಉಳಿದಿದ್ದವು.

ಅದೇ ಶನಿವಾರ ಅವರು ಬಸ್ ನಿಲ್ದಾಣದ ಎದುರಿನ ಇಂಟರ್‌ನೆಟ್ ಕೇಂದ್ರಕ್ಕೆ ಹೋದರು. ಅದನ್ನು ನಡೆಸುತ್ತಿದ್ದವಳು ತನುಜಾ. ಆರು ವರ್ಷಗಳ ಹಿಂದೆ ಪರಿಮಳಾ ಅವರ ಬಳಿಯೇ ಟೈಪಿಂಗ್ ಕಲಿತವಳು. ಈಗಲೂ ಅವರನ್ನು, ಶಾಲೆಯ ಟೀಚರನ್ನು ಕರೆಯುವಂತೆ, ಅಕ್ಕೋರೆ ಎಂದೇ ಕರೆಯುತ್ತಿದ್ದಳು. ಹಳೆಯ ವಸ್ತುಗಳ ಜಾಹೀರಾತನ್ನು ಉಚಿತವಾಗಿ ಹಾಕಬಹುದಾದ ಜಾಲತಾಣವನ್ನು ತೆರೆದು ಕೊಟ್ಟು, ಅವಸರದಲ್ಲಿ ಯಾವುದಕ್ಕೂ ಒಪ್ಪಬೇಡಿ, ಉತ್ತರ ಬಂದರೆ ನನಗೆ ತೋರಿಸಿ ಎಂದಳು. ಪರಿಮಳಾ ಒಂದೇ ಸಾಲು ಬರೆದರು: ಏಳು ಟೈಪ್‌ರೈಟರ್‌ಗಳು ಮಾರಾಟಕ್ಕಿವೆ, ಸಿದ್ದಾಪುರ.

ಹತ್ತನೆಯ ದಿನ ಆ ಜಾಲತಾಣದ ಮೂಲಕ ಹುಬ್ಬಳ್ಳಿಯಿಂದ ಒಂದು ಪತ್ರ ಬಂದಿತು. ಸಣ್ಣ ಯಂತ್ರ ಬೇಕು, ನೀವು ಹೇಳುವ ಬೆಲೆಯ ಮೇಲೆ ಐನೂರು ರೂಪಾಯಿ ಹೆಚ್ಚು ಕೊಡುತ್ತೇನೆ, ತಲುಪಿದ ಕೂಡಲೇ ಹಣ ಕಳುಹಿಸುತ್ತೇನೆ, ನಾಳೆಯೇ ಬೇಕು ಎಂದಿತ್ತು. ತನುಜಾ ಆ ವಾರ ಅಕ್ಕನ ಬಾಣಂತನಕ್ಕೆಂದು ಊರಿನಲ್ಲಿರಲಿಲ್ಲ. ಪತ್ರ ಓದಿದವರು ಪರಿಮಳಾ. ದಾರಿ ತೋರಿಸಿದವರು ದೇವಕಿಯವರು.

ಈ ಸೀಮೆಯ ಬಸ್ಸುಗಳು ಜನರನ್ನು ಮಾತ್ರ ಒಯ್ಯುವುದಿಲ್ಲ. ಹೇರೂರಿನಿಂದ ಔಷಧದ ಚೀಟಿ ಬೆಳಗಿನ ಬಸ್ಸಿನಲ್ಲಿ ಪೇಟೆಗೆ ಬರುತ್ತದೆ, ಔಷಧ ಸಂಜೆಯ ಬಸ್ಸಿನಲ್ಲಿ ಹಿಂದಕ್ಕೆ ಹೋಗುತ್ತದೆ. ವಾನಳ್ಳಿಯ ಜೇನುತುಪ್ಪದ ಬಾಟಲಿ ಶಿರಸಿಯಲ್ಲಿ ಇಳಿಯುತ್ತದೆ, ಅದರ ಹಣ ಮರುದಿನ ಲಕೋಟೆಯಲ್ಲಿ ಅದೇ ಚಾಲಕನ ಕೈಯಲ್ಲಿ ಬರುತ್ತದೆ. ರಸೀದಿ ಇಲ್ಲ, ಸಹಿ ಇಲ್ಲ. ಹುಬ್ಬಳ್ಳಿ ಬಸ್ಸಿನ ಚಾಲಕ ಮಂಜನ ಕೈಯಲ್ಲಿ ದೇವಕಿಯವರು ಎಷ್ಟೋ ವರ್ಷಗಳಿಂದ ಮಗಳ ಮನೆಗೆ ಉಪ್ಪಿನಕಾಯಿ ಕಳುಹಿಸುತ್ತಿದ್ದರು.

"ಮಂಜನ ಹತ್ರ ಕೊಟ್ಕಳಿಸು. ಇಷ್ಟು ವರ್ಷಾತು, ಒಂದು ಹಪ್ಪಳನೂ ದಾರಿಲಿ ಕಳದು ಹೋಯ್ದಿಲ್ಲೆ" ಎಂದರು ದೇವಕಿಯವರು.

ಮಾರ್ಚ್ 28ರಂದು ಸಣ್ಣ ಯಂತ್ರ, ತನ್ನ ಪೆಟ್ಟಿಗೆಯೊಳಗೆ ಹಳೆಯ ಟವೆಲಿನಲ್ಲಿ ಸುತ್ತಿಸಿಕೊಂಡು, ಮಂಜನ ಆಸನದ ಹಿಂದೆ ಕುಳಿತು ಹೊರಟಿತು. ಹುಬ್ಬಳ್ಳಿಯ ನಿಲ್ದಾಣದಲ್ಲಿ ಒಬ್ಬ ಬಂದು, ಪರಿಮಳಾ ಅವರ ಹೆಸರನ್ನೂ ಊರನ್ನೂ ಸರಿಯಾಗಿ ಹೇಳಿ, ಪೆಟ್ಟಿಗೆ ತೆಗೆದುಕೊಂಡ. ಲಕೋಟೆ ನಾಳೆ ಎಂದ. ಮರುದಿನ ಮಂಜ ಬಸ್ಸನ್ನು ಐದು ನಿಮಿಷ ಹೆಚ್ಚಾಗಿಯೇ ನಿಲ್ಲಿಸಿ ಕಾದ. ಅದರ ಮರುದಿನವೂ ಕಾದ. ಪತ್ರದಲ್ಲಿದ್ದ ಫೋನ್ ಸಂಖ್ಯೆಗೆ ಕರೆ ಮಾಡಿದರೆ ಅದು ರಸ್ತೆಬದಿಯ ನಾಣ್ಯದ ಫೋನು. ಎತ್ತಿದವರು ದಾರಿಯಲ್ಲಿ ಹೋಗುತ್ತಿದ್ದ ಯಾರೋ.

ಏಪ್ರಿಲ್ ಮೊದಲ ವಾರ ಪರಿಮಳಾ ಅವರು ಖಾಲಿಯಾದ ಆ ಮೇಜಿನ ಮೇಲೆ ಬಟ್ಟೆ ಹೊದಿಸಿಟ್ಟರು. ಇದ್ದುದರಲ್ಲಿ ಹೆಚ್ಚಿನ ಬೆಲೆ ಬರಬಹುದಾಗಿದ್ದದ್ದು ಅದೊಂದೇ. ಜೂನ್‌ಗೆ ಎಂಟು ವಾರಗಳಷ್ಟೇ ಉಳಿದಿದ್ದವು. ಗುಜರಿಯವನನ್ನು ಮತ್ತೆ ಕರೆಸುವುದೆಂದು ದೇವಕಿಯವರು ತೀರ್ಮಾನಿಸಿದರು. ಆ ಇಂಟರ್‌ನೆಟ್ಟಿನಲ್ಲಿ ಇರುವವರು ಮುಖವಿಲ್ಲದ ಜನ, ಅವರ ಸಹವಾಸವೇ ಬೇಡ ಎಂದು ನೆರೆಯವರಿಗೂ ಹೇಳಿದರು.

ಊರಿಗೆ ಮರಳಿದ ತನುಜಾ ಮೊದಲು ಮಾಡಿದ ಕೆಲಸ ಆ ಪತ್ರವನ್ನು ಮುದ್ರಿಸಿಕೊಂಡದ್ದು. ಎರಡನೆಯದು, ಅದನ್ನು ಹಿಡಿದು ಅಕ್ಕೋರ ಜೊತೆ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದ್ದು. ಮೂರನೆಯದು, ಮನೆಗೆ ಬಂದು ದೇವಕಿಯವರ ಎದುರಿನಲ್ಲೇ ಕುಳಿತು ಮಾತನಾಡಿದ್ದು. ಆ ಮಾತು ಇಡಿಯಾಗಿ ಕೇಳುವಂಥದ್ದು.

"ಅಕ್ಕೋರೆ, ಇವ್ನ ಪತ್ರ ಮೂರು ಸಲ ಓದ್ದೆ. ಕೀ ಅಂಟ್ತದಾ, ರಿಬ್ಬನ್ ಸಿಗ್ತದಾ, ಎಷ್ಟು ಹಳೇದು, ಒಂದು ಪ್ರಶ್ನೆನೂ ಇಲ್ಲ. ಟೈಪ್ ಮಾಡೂಕೆ ತಗೊಳ್ಳೋರು ಹಿಂಗೆ ಬರೀತ್ರಾ?"

ಪರಿಮಳಾ ಕಾಗದ ತೆಗೆದುಕೊಂಡು ಮತ್ತೆ ಓದಿದರು. ಪ್ರಶ್ನೆ ಒಂದೂ ಇರಲಿಲ್ಲ.

"ಉಪ್ಪಿನಕಾಯಿ ಕಳಿಸಿದ್ರೆ ಆ ಬದಿಗೆ ನಿಮ್ಮ ಮಗಳು ನಿಂತಿರ್ತ್ರು, ಅಮ್ಮ" ಎಂದು ತನುಜಾ ದೇವಕಿಯವರ ಕಡೆ ತಿರುಗಿದಳು. "ಇಲ್ಲಿ ನಿಂತವ ಯಾರು?"

ದೇವಕಿಯವರು ಸೆರಗಿನ ಅಂಚು ಸರಿಮಾಡಿಕೊಂಡು ಹೇಳಿದರು: "ಮಂಜಂದು ತಪ್ಪಿಲ್ಲೆ. ಆ ಬದಿಲಿ ಯಾರು ಹೇಳಿ ನಂಗೊ ಇಬ್ರೂ ಕೇಳಿದ್ವಿಲ್ಲೆ."

ಗುಜರಿಯವನನ್ನು ಕರೆಸುವ ಮಾತು ಅಲ್ಲಿಗೇ ನಿಂತಿತು. ಅಂದಿನಿಂದ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಪರಿಮಳಾ ಆರೂ ಯಂತ್ರಗಳನ್ನು ಶುಚಿಗೊಳಿಸಿ, ಪ್ರತಿಯೊಂದರಲ್ಲೂ ಒಂದು ಹಾಳೆ ಟೈಪ್ ಮಾಡಿದರು. ಪ್ರತಿಯೊಂದರ ಕೊರತೆಯನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಕಟ್ಟಿದರು. ಬಳಿಕ ತನುಜಾ ಕೇಳಿದ ಪ್ರಶ್ನೆ ಒಂದೇ: ಈ ಹೊತ್ತಿಗೂ ಇದನ್ನು ದಿನಾ ಬಳಸುವವರು ಯಾರು, ಅವರು ಕೂರುವುದು ಎಲ್ಲಿ?

ಕನ್ನಡ ಯಂತ್ರವನ್ನು ಮುಂಬೈಯವರು ಕೊಳ್ಳುವುದಿಲ್ಲ. ಅದಕ್ಕೆ ಇಂಟರ್‌ನೆಟ್ ಎಷ್ಟು ದೂರ ಹೋದರೂ ಪ್ರಯೋಜನವಿಲ್ಲ. ಪರಿಮಳಾ ಅವರಿಗೆ ಯಲ್ಲಾಪುರ ನೆನಪಾಯಿತು. ಹಿಂದಿನ ವರ್ಷ ತವರಿನ ಜಮೀನಿನ ಅರ್ಜಿಗೆಂದು ಅಲ್ಲಿಗೆ ಹೋದಾಗ ಇಡೀ ಪೇಟೆಯಲ್ಲಿ ವಿದ್ಯುತ್ ಇರಲಿಲ್ಲ. ಕಂಪ್ಯೂಟರಿದ್ದ ಅಂಗಡಿಗಳೆಲ್ಲ ಸುಮ್ಮನಿದ್ದಾಗ, ಕಚೇರಿಯ ಎದುರಿನ ಜಗುಲಿಯಲ್ಲಿ ಅರ್ಜಿ ಬರೆಯುವ ಕೆರಿಯಪ್ಪ ಎಂಬವರ ಮುಂದೆ ಮಾತ್ರ ಜನ ಸಾಲುಗಟ್ಟಿದ್ದರು.

ಆರನೆಯ ವಾರ ಪರಿಮಳಾ ನಾಲ್ಕು ಹಾಳೆಗಳನ್ನಷ್ಟೇ ಕೈಯಲ್ಲಿ ಹಿಡಿದು ಯಲ್ಲಾಪುರಕ್ಕೆ ಹೋದರು. ಕೆರಿಯಪ್ಪ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ಭಾನುವಾರ ಬರುತ್ತೇನೆ ಎಂದರು. ಬಂದರು ಕೂಡ, ಪರಿಚಯದವರ ಟೆಂಪೋದಲ್ಲಿ. ಕೆಲಸದವರೇ ಆದ್ದರಿಂದ ಚೀಟಿ ಓದುವ ಮೊದಲೇ ಕುರ್ಚಿ ಎಳೆದು ಕುಳಿತು 'ಮಾನ್ಯ ತಹಶೀಲ್ದಾರರಿಗೆ' ಎಂದು ನಾಲ್ಕರಲ್ಲೂ ಹೊಡೆದರು.

"ಈ ಮೂರನೇದ್ರಲ್ಲಿ ಒತ್ತಕ್ಷರ ಕೆಳಗೆ ಕೂರೂದು ಬಿಟ್ಟು ಪಕ್ಕದ ಮನೆಗೆ ಹೋಗ್ತದಲ್ರೀ."

"ಚೀಟಿಯಲ್ಲಿ ಬರೆದಿದ್ದೇನೆ, ನೋಡಿ" ಎಂದರು ಪರಿಮಳಾ.

ಕೆರಿಯಪ್ಪ ಚೀಟಿ ಓದಿದರು. ಬರೆದಿತ್ತು. ಬೆಲೆ ಇಳಿಸುವುದಕ್ಕೆಂದು ಸಿದ್ಧಮಾಡಿಕೊಂಡ ಮಾತುಗಳು ಅಲ್ಲಿಗೆ ಮುಗಿದವು. ಮೂರನೆಯದಕ್ಕೆ ಚೀಟಿಗೆ ತಕ್ಕಂತೆ ಕಡಿಮೆ, ಉಳಿದ ಮೂರಕ್ಕೆ ಕೇಳಿದಷ್ಟೇ ಕೊಟ್ಟು, ತಮಗೊಂದು, ಜಗುಲಿಯ ಜೊತೆಗಾರರಿಗೆ ಮೂರು ಎಂದು ಹೇಳಿ ಟೆಂಪೋಗೆ ಹೇರಿಸಿದರು. ಹಣ ಮೇಜಿನ ಮೇಲೆ ಬಂದ ಮೇಲೆಯೇ ಯಂತ್ರ ಮೇಜು ಬಿಟ್ಟಿತು.

ಇಂಗ್ಲಿಷಿನ ಎರಡು ದೊಡ್ಡ ಯಂತ್ರಗಳಿಗೆ ಹತ್ತಿರದಲ್ಲಿ ಗಿರಾಕಿ ಇರಲಿಲ್ಲ. ಶಿರಸಿಯಲ್ಲಿ ಮೂರು ಕಡೆ ವಿಚಾರಿಸಿದರು. ಅಲ್ಲಿಯೂ ತಮ್ಮವನ್ನೇ ಮಾರುವ ಯೋಚನೆಯಲ್ಲಿದ್ದರು. ಹಾಗಾಗಿ ಎಂಟನೆಯ ವಾರ ಅದೇ ಜಾಲತಾಣದಲ್ಲಿ ಹೊಸ ಜಾಹೀರಾತು ಹಾಕಿದರು. ಈ ಸಲ ಯಂತ್ರ ಎಂಥದು, ಎಷ್ಟು ವರ್ಷದ್ದು, ಯಾವ ಕೀಲಿ ಬಿಗಿ ಎಂಬುದನ್ನು ಬರೆದರು. ಕೊನೆಗೆ, ಬಂದು ನೋಡಿದವರಿಗೆ ಮಾತ್ರ ಕೊಡಲಾಗುವುದು ಎಂದು ಸೇರಿಸಿದರು. ಮನೆಯ ವಿಳಾಸ ಹಾಕಲಿಲ್ಲ. ತನುಜಾಳ ಕೇಂದ್ರದ ಫೋನ್ ಸಂಖ್ಯೆ ಕೊಟ್ಟರು.

ಮೂರು ಉತ್ತರಗಳು ಬಂದವು. ಮೊದಲನೆಯವರು ಮುಂಗಡವಾಗಿ ನೋಂದಣಿ ಶುಲ್ಕ ಕಟ್ಟಲು ಹೇಳಿದರು. ಎರಡನೆಯವರು ಬಸ್ಸಿಗೆ ಹಾಕಲು ಹೇಳಿದರು. ದೇವಕಿಯವರು ಎರಡನ್ನೂ ಓದಿಸಿ ಕೇಳಿ, ಇವರಿಗೂ ಪ್ರಶ್ನೆಯಿಲ್ಲವಲ್ಲ ಎಂದು ತಾವೇ ಹೇಳಿದರು. ಮೂರನೆಯದು ಹಾನಗಲ್ಲಿನಿಂದ ಬಂದ ಫೋನು. ಪಾರ್ವತವ್ವ ಎಂಬವರು ಅಲ್ಲಿ ಟೈಪಿಂಗ್ ಪರೀಕ್ಷೆಗೆ ಕೂರುವವರಿಗೆ ಕಲಿಸುತ್ತಿದ್ದರು. ಯಂತ್ರ ಸಾಲದೆ ಹುಡುಗಿಯರು ಸರದಿಯಲ್ಲಿ ನಿಲ್ಲುತ್ತಿದ್ದರು. ಅವರು ಹನ್ನೊಂದು ಪ್ರಶ್ನೆ ಕೇಳಿದರು. ತನುಜಾ ಎಣಿಸಿದ್ದಳು.

"ಬಸ್ಸಿಗೆ ಮಾತ್ರ ಹಾಕಬ್ಯಾಡ್ರಿ. ನಾನೇ ಬರ್ತೀನಿ. ಕೈಯಾಗಿನ ಹತ್ತು ಬಟ್ಟ ಇಟ್ಟು ಬಡಿದು ನೋಡೂತನಕ ನಾ ರೊಕ್ಕಾ ತಗಿಯಂಗಿಲ್ಲ, ಈಗ ಹೇಳೇನಿ ನೋಡ್ರಿ" ಎಂದರು.

ಪರಿಮಳಾ ಅವರು ಫೋನಿನಲ್ಲೇ ನಕ್ಕರು. ಐದು ವಾರಗಳ ಮೇಲೆ ನಕ್ಕದ್ದು ಅಂದೇ.

ಪಾರ್ವತವ್ವ ಹತ್ತನೆಯ ವಾರ, ಮೇ 16ರಂದು ಬಂದರು. ಭೇಟಿ ಹಗಲು ಹನ್ನೊಂದು ಗಂಟೆಗೆ, ತನುಜಾಳ ಕೇಂದ್ರದಲ್ಲಿ, ನಾಲ್ಕು ಜನರ ಎದುರಿಗೆ. ಒಂದೂವರೆ ಗಂಟೆ ಬಡಿದು ನೋಡಿದರು. ಹಣ ಕೊಟ್ಟರು. ಇಬ್ಬರೂ ಒಂದು ಕಾಗದದ ಎರಡು ಪ್ರತಿಗಳಿಗೆ ಸಹಿ ಹಾಕಿ, ಒಂದೊಂದು ಇಟ್ಟುಕೊಂಡರು. ಹೊರಡುವಾಗ ಪಾರ್ವತವ್ವ ಬಿಗಿಯಾದ ಕೀಲಿಗೆ ಯಾವ ಎಣ್ಣೆ ಬಿಡುತ್ತಿದ್ದಿರಿ ಎಂದು ಕೇಳಿದರು. ಪರಿಮಳಾ ಮಹಡಿಯ ಕೋಣೆಯಿಂದ ಆ ಎಣ್ಣೆಯ ಶೀಶೆಯನ್ನೇ ತಂದುಕೊಟ್ಟರು.

ಆರರಿಂದ ಬಂದ ಹಣಕ್ಕೆ ಹೊಸ ಕಂಪ್ಯೂಟರ್ ಬರುತ್ತಿರಲಿಲ್ಲ. ಶಿರಸಿಯ ಮನೆಯೊಂದರಲ್ಲಿ ಎರಡು ವರ್ಷ ಬಳಸಿದ್ದು ಮಾರಾಟಕ್ಕಿತ್ತು. ಅದು ಗೊತ್ತಾದದ್ದೂ ಜಾಲತಾಣದಿಂದಲೇ. ನೋಡಲು ಹೋದಾಗ ದೇವಕಿಯವರು ತಾವೂ ಬರುತ್ತೇನೆಂದು ಹಟ ಮಾಡಿ ಹೋದರು. ಆ ಮನೆಯ ಯಜಮಾನರು ಯಂತ್ರ ಚಾಲೂ ಮಾಡಿ ತೋರಿಸಿದ ಮೇಲೆ ದೇವಕಿಯವರು, "ಒಂದ್ಸಲ ಆರ್ಸಿ ಮತ್ತೆ ಹಚ್ಚು, ತಮಾ" ಎಂದರು. ಎರಡನೆಯ ಸಲವೂ ಹತ್ತಿತು. ಆಮೇಲೆಯೇ ಸೊಸೆಗೆ ತಲೆಯಾಡಿಸಿದರು. ಆ ದಿನ ಮನೆಗೆ ತಂದದ್ದು ಮಂಜನ ಬಸ್ಸಿನಲ್ಲೇ, ಇಬ್ಬರೂ ಅಕ್ಕಪಕ್ಕ ಕುಳಿತು, ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು.

ಜೂನ್ 4ರ ಸೋಮವಾರ ಬೆಳಿಗ್ಗೆ ಮಹಡಿಯ ಕೋಣೆ ತೆರೆಯಿತು. ಒಂಬತ್ತು ಜನ ಹೆಸರು ಬರೆಸಿದರು. ಮೊಬೈಲ್ ಅಂಗಡಿಯವರು ಬೇರೆ ಕೋಣೆ ನೋಡಿಕೊಂಡರು. ಸಣ್ಣ ಯಂತ್ರ ಮಾತ್ರ ಪತ್ತೆಯಾಗಲಿಲ್ಲ.

ಮಹಿಳಾ ಸಂಘದ ಸಭೆಯಲ್ಲಿ ಕುಳಿತು ಇದನ್ನು ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಅಟ್ಟದ ಮೇಲೂ ಬಳಕೆ ತಪ್ಪಿದ ಹೊಲಿಗೆ ಯಂತ್ರವೋ ಪಂಪೋ ರುಬ್ಬುವ ಕಲ್ಲೋ ಇರಬಹುದು. ಮಾರುವ ಮೊದಲು ಅದನ್ನು ಇಂದಿಗೂ ಬಳಸುವವರು ಯಾರೆಂದು ಕೇಳಿಕೊಳ್ಳಿ. ಅವರು ಪಕ್ಕದ ಪೇಟೆಯಲ್ಲಿದ್ದರೆ ಅಲ್ಲಿಗೇ ಹೋಗಿ. ದೂರದಲ್ಲಿದ್ದರೆ ಇಂಟರ್‌ನೆಟ್ಟಿನಲ್ಲಿ ಹುಡುಕಿ. ಯಾರೂ ಬಳಸದಂತಾಗಿದ್ದರೆ ಗುಜರಿಗೆ ಕೊಡಿ. ಕೊರತೆಯನ್ನು ಮೊದಲೇ ಹೇಳಿ. ಹಗಲಿನಲ್ಲಿ, ನಾಲ್ಕು ಜನರಿರುವ ಜಾಗದಲ್ಲಿ, ಹಣ ಕೈಗೆ ಬಂದ ಮೇಲೆ ವಸ್ತುವನ್ನು ಕೊಡಿ.

ಹನ್ನೆರಡು ವಾರಗಳಲ್ಲಿ ಕಂಡುಬಂದದ್ದು ಇಷ್ಟು: ಬಳಸುವವರನ್ನು ಹುಡುಕಿ, ಅವರು ಬಂದು ಪರೀಕ್ಷಿಸಿದ ಮೇಲೆ ಕೊಟ್ಟ ಆರು ಯಂತ್ರಗಳಿಗೂ ಹಣ ಬಂದಿತು, ಒಂದು ಪ್ರಶ್ನೆಯನ್ನೂ ಕೇಳದವನಿಗೆ ಕಳುಹಿಸಿದ ಒಂದಕ್ಕೆ ಬರಲಿಲ್ಲ.