ಆಡಿ ತಿಂಗಳ ಸಹಿ

ಅಂಬಾಸಮುದ್ರದ ಸರ್ಕಾರಿ ಶಾಲೆಯ ಪೂಂಕೊಡಿ ಟೀಚರ್ ಎಂ.ಎ. ಪಾಸಾಗಿದ್ದಾಳೆಂಬುದು ಊರಿಗೆಲ್ಲ ಗೊತ್ತಿತ್ತು, ಸರ್ಕಾರವೊಂದನ್ನು ಬಿಟ್ಟು. ಕೆಲಸದಲ್ಲಿದ್ದುಕೊಂಡೇ ಮೇಲಿನ ಪದವಿ ಪಡೆದವರಿಗೆ ಎರಡು ಇನ್‌ಕ್ರಿಮೆಂಟ್ ಕೊಡಬೇಕೆಂಬ ನಿಯಮವಿತ್ತು. ಅವಳ ನಂತರ ಕೆಲಸಕ್ಕೆ ಸೇರಿದವರೂ ತೆಗೆದುಕೊಂಡರು. ಅವಳ ಅರ್ಜಿ ಮಾತ್ರ ಹೋದ ದಾರಿಯಲ್ಲೇ ವಾಪಸ್ಸು ಬಂತು. ಮೊದಲು ಇಲಾಖೆಯ ಅನುಮತಿ, ಆಮೇಲೆ ಓದು. ನೀವು ಮೊದಲು ಓದಿಗೆ ಸೇರಿ ಆಮೇಲೆ ಅನುಮತಿ ಪಡೆದಿದ್ದೀರಿ ಎಂದು ಕಾರಣ ಕೊಟ್ಟಿದ್ದರು.

ಸುಳ್ಳೇನಲ್ಲ. ಅವಳು ಎಂ.ಎ.ಗೆ ಸೇರಿದ್ದು ತಮಿಳರ ಆಷಾಢವಾದ ಆಡಿ ತಿಂಗಳ ಕೊನೆಗೆ, ಅನುಮತಿಗೆ ಸಹಿ ಬಿದ್ದದ್ದು ಅದರ ಮುಂದಿನ ತಿಂಗಳು ಆವಣಿ ಹುಟ್ಟಿದ ದಿನ. ಆದರೆ ಅನುಮತಿ ಕೇಳಿದ ಕಾಗದ ಆಡಿ ಹುಟ್ಟಿದ ದಿನವೇ ಹೆಡ್‌ಮಾಸ್ಟರ್ ಮಾಸಿಲಾಮಣಿಯವರ ಮೇಜಿನ ಮೇಲಿತ್ತು.

"ಆಡೀಲಿ ಒಳ್ಳೆ ಕೆಲಸಕ್ಕೆ ಕೈ ಹಾಕ್ಬಾರ್ದು ಕಣಮ್ಮ. ನಿನ್ನ ಓದು ಅರ್ಧಕ್ಕೆ ನಿಂತ್ರೆ ಏನ್ ಗತಿ? ಆವಣಿ ಹುಟ್ಲಿ, ಮೊದಲ್ನೇ ಸಹಿ ನಿಂದೇ" ಎಂದಿದ್ದರು.

ವಿಶ್ವವಿದ್ಯಾಲಯಕ್ಕೆ ಆಡಿ ಗೀಡಿ ಏನೂ ಗೊತ್ತಿರಲಿಲ್ಲ. ಫೀಸಿನ ಕೊನೆಯ ದಿನ ಬಂತು, ಅವಳು ಕಟ್ಟಿದಳು. ಹಾಲು ಕುಡಿಯುವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಓದಿ ಪಾಸಾದಳು. ಆ ಓದನ್ನು ಸರ್ಕಾರ ಓದೇ ಅಲ್ಲ ಎಂದದ್ದನ್ನು ಅವಳಿಗೆ ಸಹಿಸಲಾಗಲಿಲ್ಲ. ಮದುರೈಗೆ ಹೋಗಿ ಕೇಸು ಹಾಕಿದಳು.

"ಹೆಡ್‌ಮಾಸ್ಟರು ಕಾಗದ ಮರೆತ್ರು ಅಂತ ಬರೀತೀನಿ. ಆಡಿ ಅಂದ್ರೆ ಕೋರ್ಟಲ್ಲಿ ನಗ್ತಾರೆ" ಎಂದರು ವಕೀಲ ತಂಗಪಾಂಡಿ.

ರಿಟೈರಾಗಿದ್ದ ಮಾಸಿಲಾಮಣಿ ಪಕ್ಕದಲ್ಲೇ ಕೂತಿದ್ದರು. "ಹಾಗೇ ಬರೀರಿ. ಕೋಲೂರಿಕೊಂಡು ನಡೆಯೋನ ಮಾನ ಹೋದ್ರೂ ಎಷ್ಟು ದೂರ ಹೋಗುತ್ತೆ?"

ಪೂಂಕೊಡಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಬಂತು. "ಮರೆತ್ರು ಅಂತ ಬರೀಬೇಡಿ. ಮರೆತಿದ್ರೆ ನಾನು ನೆನಪು ಮಾಡ್ತಿದ್ದೆ. ನಮ್ಮ ಸಾರ್ ನೆನಪಿಟ್ಕೊಂಡೇ ಕೆಡಿಸಿದ್ರು. ನನಗೆ ಒಳ್ಳೇದಾಗ್ಲಿ ಅಂತ!"

ಮಾಸಿಲಾಮಣಿ ತಲೆ ತಗ್ಗಿಸಿದರು. ವಕೀಲರು ಇದ್ದದ್ದನ್ನು ಇದ್ದಂತೆ ಬರೆದರು.

ಕೋರ್ಟಿನಲ್ಲಿ ನಕ್ಕರು ನಿಜ. ಸರ್ಕಾರಿ ವಕೀಲರು, "ಕಾನೂನಿಗೆ ಆಡಿ ಅನ್ನೋದಿಲ್ಲ, ಸ್ವಾಮಿ" ಎಂದರು.

"ಕಾನೂನಿಗಿಲ್ಲ. ನಿಮ್ಮ ಹೆಡ್‌ಮಾಸ್ಟರಿಗಿತ್ತಲ್ಲ?" ಎಂದರು ನ್ಯಾಯಾಧೀಶರು. "ಈಯಮ್ಮ ಹೊತ್ತಿಗೆ ಸರಿಯಾಗಿ ಕೇಳಿದಾರೆ. ಅವರ ಪಂಚಾಂಗಕ್ಕೆ ಇವರು ಯಾಕೆ ದಂಡ ತೆರಬೇಕು?" ಇನ್‌ಕ್ರಿಮೆಂಟ್ ಕೊಡಿ ಎಂದು ತೀರ್ಪಾಯಿತು.

ತೀರ್ಪಿನ ಪ್ರತಿ ಕೈಗೆ ಬಂದದ್ದೂ ಆಡಿಯಲ್ಲೇ. ಶುಕ್ರವಾರ ಶಿಕ್ಷಣ ಕಚೇರಿಗೆ ಅವಳು ಹೊರಟಾಗ ಮಾಸಿಲಾಮಣಿ ಬೇಡವೆಂದರೂ ಜೊತೆಗೆ ಬಂದರು. ಸೂಪರಿಂಟೆಂಡೆಂಟ್ ಸುಡಲೈಮುತ್ತು ಪ್ರತಿಯನ್ನು ಕಣ್ಣಿಗೊತ್ತಿಕೊಂಡು ಡ್ರಾಯರಿನೊಳಗಿಟ್ಟರು.

"ಸಂತೋಷ ಟೀಚರ್. ಆಡಿ ಕಳೀಲಿ, ಆವಣಿ ಮೊದಲ್ನೇ ದಿನ ಆರ್ಡರ್ ಮಾಡ್ತೀನಿ. ಇಷ್ಟು ವರ್ಷ ಕಾದಿದೀರಿ."

ಪೂಂಕೊಡಿ ಡ್ರಾಯರಿನತ್ತ ಕೈ ಚಾಚಿದಳು. ಆಗ ಹಿಂದಿನಿಂದ ಕೋಲು ನೆಲಕ್ಕೆ ಬಡಿಯಿತು.

"ತೆಗೀರಿ ಆಚೆ!" ಮಾಸಿಲಾಮಣಿ ಗದರಿದರು. "ಆಡೀಲೇ ಸಹಿ ಹಾಕಿ. ಪಾಪ ಬಂದ್ರೆ ನನಗೆ ಬರ್ಲಿ. ನಾನು ಕಾಯಿಸಿದ್ದೇ ಸಾಕು ಈ ಹುಡುಗೀನ."

ಸುಡಲೈಮುತ್ತು ಪ್ರತಿಯನ್ನು ಹೊರತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಮಾಸಿಲಾಮಣಿಯವರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ. ಹನ್ನೆರಡರವರೆಗೆ ರಾಹುಕಾಲ.

ಕೋಲು ಹಿಡಿದ ಕೈ ಬಿಗಿಯಾಯಿತು, ಅಷ್ಟೇ.

ಪೂಂಕೊಡಿ ನೋಡಿದಳು. ಈ ಮನುಷ್ಯನ ಮೇಲೆ ಅವಳಿಗೆ ಕೋಪ ಇನ್ನೂ ಆರಿರಲಿಲ್ಲ, ಪ್ರೀತಿಯೂ ಹೋಗಿರಲಿಲ್ಲ.

"ಹನ್ನೆರಡು ಹೊಡೀಲಿ ಸಾರ್, ಆಮೇಲೆ ಹಾಕಿ" ಎಂದು ಸುಡಲೈಮುತ್ತುವಿಗೆ ಹೇಳಿ, ಮೇಷ್ಟರಿಗೆ ಕುರ್ಚಿ ಎಳೆದು ಕೊಟ್ಟಳು.