ಮಂಡಿಯೂರದವಳು

“ಮಂಡಿ ಒಂಚೂರು ಮಡಚಿದ್ರೆ ಮುಗೀತು, ಮುಚ್ಚಳ ಕೂತ್ಕೊಳ್ಳುತ್ತೆ,” ಎನ್ನುತ್ತ ಬಡಗಿ ಆನ್ಸೆಲ್ಮು ಹೆಣದ ಕಾಲಿಗೆ ಕೈ ಹಾಕಿದ್ದೇ ತಡ, ಜುರೇಮಾ ಅವನ ಮಣಿಕಟ್ಟು ಹಿಡಿದುಕೊಂಡಳು.

“ಕೈ ತೆಗಿ ಅಣ್ಣ. ನಮ್ಮವ್ವನ ಮಂಡಿ ಮುಟ್ಬೇಡ.”

“ಅಯ್ಯೋ ತಾಯಿ, ನಾನೇನು ಬೇಕಂತ ಮಾಡ್ತೀನಾ? ಪೆಟ್ಟಿಗೆ ಗೇಣುದ್ದ ಕಮ್ಮಿ ಬಿದ್ದಿದೆ. ನಗರಸಭೆಯವ್ರು ಪುಕ್ಕಟೆ ಕೊಡೋದು ಒಂದೇ ಅಳತೇದು. ನಿಮ್ಮವ್ವ ನೋಡಿದ್ರೆ ತೆಂಗಿನಮರ!”

ಲಿಂದೌರಾ ನಿಜಕ್ಕೂ ಉದ್ದನೆಯ ಹೆಂಗಸು. ಬಹಿಯಾ ಪ್ರಾಂತ್ಯದ ಆ ಹೊಳೆದಂಡೆಯ ಊರಿನಲ್ಲಿ ಐವತ್ತು ವರ್ಷ ಮಂದಿಯ ಬಟ್ಟೆ ಒಗೆದವಳು. ನಗರಸಭೆ ಪೆಟ್ಟಿಗೆ ಕಳಿಸಿದ್ದು ಮಾತ್ರ ಅದಕ್ಕಲ್ಲ. ಚೌಕದಲ್ಲೊಂದು ಕಂಚಿನ ವಿಗ್ರಹವಿದೆ. ಗುಲಾಮಗಿರಿ ರದ್ದುಮಾಡಿದ ರಾಜಕುಮಾರಿ ಕೈಚಾಚಿ ನಿಂತಿದ್ದಾಳೆ. ಅವಳ ಪಾದದ ಬಳಿ, ಸರಪಳಿ ಕಡಿದುಬಿದ್ದ ಗುಲಾಮ ಹೆಂಗಸೊಬ್ಬಳು ಮಂಡಿಯೂರಿ ಮೇಲೆ ನೋಡುತ್ತಿದ್ದಾಳೆ. ಆ ಮಂಡಿಯೂರಿದವಳ ಮುಖ, ತೋಳು, ಬೆನ್ನು ಎಲ್ಲ ಲಿಂದೌರಾಳದು.

*

ಗುಲಾಮಗಿರಿ ಹೋಗಿ ಐವತ್ತು ವರ್ಷ ತುಂಬಿದಾಗ ರಾಜಧಾನಿಯಿಂದ ಶಿಲ್ಪಿಯೊಬ್ಬ ಬಂದಿದ್ದ. ಹೊಳೆಯಲ್ಲಿ ಬಟ್ಟೆ ಬಡಿಯುತ್ತಿದ್ದ ಹದಿನೇಳರ ಹುಡುಗಿ ಅವನ ಕಣ್ಣಿಗೆ ಬಿದ್ದಳು. ನಲವತ್ತು ದಿನ ಕಲ್ಲುನೆಲದ ಮೇಲೆ ಮಂಡಿಯೂರಿಸಿದ, ಪುಣ್ಯಾತ್ಮ.

“ಮೇಲೆ ನೋಡು. ಕಣ್ಣಲ್ಲಿ ಉಪಕಾರ ಸ್ಮರಣೆ ಕಾಣ್ಬೇಕು.”

“ಸರಪಳಿ ಕಡಿದಾಯ್ತಲ್ಲ ಯಜಮಾನ್ರೇ, ಮತ್ಯಾಕೆ ನಾನಿನ್ನೂ ಮಂಡೀಲೇ ಇರೋದು?”

“ಹಾಗಿದ್ರೇನೇ ನೋಡೋರಿಗೆ ಅರ್ಥವಾಗೋದು.”

“ನಮ್ಮಜ್ಜಿ ಬಿಡುಗಡೆಯಾದ ದಿನ ಇದ್ದೋಳು. ಮೂರು ದಿನ ಕುಣಿದ್ಳಂತೆ. ಮಂಡಿ ಊರಿದ್ದೆ ಅಂತ ಯಾವತ್ತೂ ಹೇಳ್ಲಿಲ್ಲ.”

ಶಿಲ್ಪಿ ನಕ್ಕು, ಗದ್ದ ಹಿಡಿದು, ಅವಳ ಮುಖವನ್ನು ಇನ್ನಷ್ಟು ಮೇಲೆತ್ತಿದ.

ಕೆಲಸ ಮುಗಿದು ಎದ್ದವಳು ಆಮೇಲೆ ಎಲ್ಲೂ ಮಂಡಿಯೂರಲಿಲ್ಲ. ಚರ್ಚಿನಲ್ಲಿ ಊರಿಗೆ ಊರೇ ಮಂಡಿಯೂರಿದಾಗ ಅವಳೊಬ್ಬಳೇ ನಿಂತಿರುತ್ತಿದ್ದಳು. ಪಾದ್ರಿ ಗದರಿದರೆ, “ನನ್ನ ಪಾಲಿನ ಮಂಡಿ ಚೌಕದಲ್ಲಿ ಆ ಕಂಚಿನೋಳು ಬಿಸಿಲು ಮಳೆ ಅನ್ನದೆ ಊರ್ತಾ ಇದಾಳಲ್ಲ ಸ್ವಾಮಿ, ಸಾಲ್ದಾ?” ಎನ್ನುತ್ತಿದ್ದಳು.

*

“ಸತ್ತೋರಿಗೆ ಏನು ಗೊತ್ತಾಗುತ್ತೆ ಮಗಳೇ?” ಎಂದಳು ಪಕ್ಕದ ಮನೆಯ ಕಿತೇರಿಯಾ, ಬಂದವರಿಗೆ ಕಾಫಿ ಬಗ್ಗಿಸುತ್ತ. “ಮುಚ್ಚಳ ಹಾಕಿದ್ಮೇಲೆ ಯಾರು ನೋಡ್ತಾರೆ? ನಾಲ್ಕಕ್ಕೆ ಸ್ಮಶಾನದ ಬಾಗ್ಲು ಹಾಕ್ತಾರೆ.”

“ನಾನು ನೋಡಿರ್ತೀನಲ್ಲ ದೊಡ್ಡಮ್ಮ.” ಜುರೇಮಾ ಅವ್ವನ ಲಂಗದ ಅಂಚು ಸರಿಮಾಡಿದಳು. “ಚಿಕ್ಕೋಳಿದ್ದಾಗ ಒಂದ್ಸಲ ಚರ್ಚಲ್ಲಿ ಅವಳ ಲಂಗ ಜಗ್ಗಿದ್ದೆ. ಮಂಡಿ ಊರು ಅವ್ವ, ಎಲ್ರೂ ನಗ್ತಿದಾರೆ, ನಂಗೆ ನಾಚ್ಕೆ ಆಗುತ್ತೆ ಅಂದಿದ್ದೆ. ಬೈಲಿಲ್ಲ ಅವಳು. ನನ್ನ ಕೈ ಬಿಡಿಸಿ ಹಾಗೇ ನಿಂತ್ಲು. ಇವತ್ತು ಅವಳಿಗೆ ಬಿಡಿಸೋಕೆ ಕೈಯಿಲ್ಲ.”

ಆನ್ಸೆಲ್ಮು ತಲೆ ಕೆರೆದುಕೊಂಡ.

“ಒಳ್ಳೇ ಪೇಚಿಗೆ ಸಿಕ್ಕಿಸಿದ್ಯಲ್ಲ! ಕಾಲ ಕಡೆ ಹಲಗೆ ಕಿತ್ತುಹಾಕ್ಬೇಕು, ಅಷ್ಟೇ ದಾರಿ. ಪಾದ ಹೊರಗೆ ಬರುತ್ತೆ. ಊರು ನಗುತ್ತೆ, ನೋಡ್ಕೋ.”

“ನಗ್ಲಿ ಬಿಡು.”

ಅವನು ಗೊಣಗುತ್ತಲೇ ಮೊಳೆ ಕಿತ್ತ. ಲಿಂದೌರಾ ತಾನೇ ಒಗೆದಿಟ್ಟುಕೊಂಡಿದ್ದ ಬಿಳೀ ಕಾಲುಚೀಲಗಳನ್ನು ಕಿತೇರಿಯಾ ತಂದು, ಆ ದೊಡ್ಡ ಪಾದಗಳಿಗೆ ತೊಡಿಸಿದಳು. ಹಾಗೆ ತೊಡಿಸುವಾಗ ಅತ್ತಳು.

ಸ್ಮಶಾನಕ್ಕೆ ಹೊರಟ ಪೆಟ್ಟಿಗೆ ಚೌಕಕ್ಕೆ ಬಂದಾಗ ಮೂರೂವರೆ. ವಿಗ್ರಹದ ಬುಡದಲ್ಲಿ ಹೂಹಾರ ಹಿಡಿದು ಕಾದಿದ್ದ ನಗರಸಭೆಯ ಅಧಿಕಾರಿ ಕೈ ಎತ್ತಿದ.

“ಇಲ್ಲಿ ಇಳಿಸಿ, ಇಲ್ಲೇ, ರಾಜಕುಮಾರಿಯ ಪಾದದ ಹತ್ರ. ಒಂದು ಫೋಟೋ.”

ಹೊತ್ತವರು ಜುರೇಮಾಳ ಕಡೆ ನೋಡಿದರು.

“ಇಳಿಸ್ಬೇಡಿ,” ಎಂದಳು ಅವಳು. “ನಡೀರಿ.”

ಪೆಟ್ಟಿಗೆ ಹೆಗಲಿನಿಂದ ಇಳಿಯಲಿಲ್ಲ. ಮೇಲೆ ನೋಡುತ್ತಿದ್ದ ಕಂಚಿನ ಮುಖಕ್ಕೂ ರಾಜಕುಮಾರಿಯ ಚಾಚಿದ ಕೈಗೂ ನಡುವೆ, ಬಿಳೀ ಕಾಲುಚೀಲದ ಎರಡು ಪಾದಗಳು ನೆಟ್ಟಗೆ ದಾಟಿಹೋದವು.