ಗಂಡನ ಹೆಸರಿನ ಖಾನೆ

ನಾನು ಒಂದು ಆರೋಗ್ಯ ದಾಖಲೆ. ಕಾಗದದ ಚೀಟಿ ಎಂದುಕೊಳ್ಳಬೇಡಿ. ಕಾಗದವಾಗಿದ್ದರೆ ಎಂದೋ ಮಳೆಗೆ ನೆನೆದೋ ಗೆದ್ದಲು ತಿಂದೋ ನೆಮ್ಮದಿಯಾಗಿ ಹೋಗಿಬಿಡುತ್ತಿದ್ದೆ. ಆ ಪುಣ್ಯ ನನಗಿಲ್ಲ. ನಾನು ಹುಟ್ಟಿದ್ದು ಕಂಪ್ಯೂಟರಿನೊಳಗೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಬದಿಗೆ ಹಿರೇಮಡ್ಡಿ ಎಂಬ ಊರಿದೆ. ಅಲ್ಲಿನ ಆಸ್ಪತ್ರೆಯ ಚೀಟಿ ಕೌಂಟರೇ ನನ್ನ ತವರು. ನನ್ನನ್ನು ಹುಟ್ಟಿಸಿದವನು ಪಂಪಾಪತಿ. ಬಂದವರ ಹೆಸರು ಕೇಳುವುದು, ಕೀಲಿಮಣೆ ಕುಟ್ಟುವುದು, ಮುಂದಿನವರನ್ನು ಕೂಗುವುದು ಅವನ ಕೆಲಸ.

ನಮ್ಮ ಕುಲಕ್ಕೊಂದು ಕಟ್ಟಳೆ ಇದೆ. ಅದಕ್ಕೆ ಮಾನದಂಡ ಎನ್ನುತ್ತಾರೆ. ಯಾವ ಊರಿನಲ್ಲಿ ಹುಟ್ಟಿದರೂ ನಮಗೆಲ್ಲ ಅವೇ ಖಾನೆಗಳು, ಅದೇ ಕ್ರಮ. ಒಬ್ಬರು ಶುಗರ್ ಎನ್ನಲಿ, ಇನ್ನೊಬ್ಬರು ಸಕ್ಕರೆ ಕಾಯಿಲೆ ಎನ್ನಲಿ, ನಮ್ಮೊಳಗೆ ಬಂದು ಕೂರುವುದು ಒಂದೇ ಸಂಖ್ಯೆ. ಹಾಗಾಗಿ ನನ್ನ ಮುಖವನ್ನೇ ನೋಡಿರದ ದೂರದ ಆಸ್ಪತ್ರೆಗೆ ನನ್ನನ್ನು ಕಳಿಸಿದರೂ ಅಲ್ಲಿನ ಯಂತ್ರ ನನ್ನನ್ನು ಗಡಗಡ ಓದಿಬಿಡುತ್ತದೆ. ಇದರ ಬಗ್ಗೆ ನನಗೆ ಬಹಳ ಜಂಬವಿತ್ತು. ಸುಳ್ಳೇಕೆ ಹೇಳಲಿ, ಕಪಾಟಿನಲ್ಲಿ ದೂಳು ತಿನ್ನುತ್ತ ಬಿದ್ದಿದ್ದ ಹಳೆಯ ಕಾಗದದ ಕಟ್ಟುಗಳನ್ನು ಕಂಡರೆ ನಗು ಬರುತ್ತಿತ್ತು.

ನಾನು ಹುಟ್ಟಿದ್ದು ಭತ್ತದ ನಾಟಿಯ ಕಾಲದಲ್ಲಿ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಹೆಂಗಸೊಬ್ಬಳು ಗದ್ದೆಯಿಂದ ನೇರ ಬಂದಿದ್ದಳು. ಪಾದಕ್ಕೆ ಒಡೆದ ಬಾಟಲಿಯ ಚೂರು ಹೊಕ್ಕಿತ್ತು. ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಳು, ಅದೂ ರಕ್ತದಲ್ಲಿ ತೊಯ್ದಿತ್ತು. ಅವಳ ಹಿಂದೆ ಆಶಾ ಕಾರ್ಯಕರ್ತೆ ಈರಮ್ಮ ನಿಂತಿದ್ದಳು.

"ಹೆಸರು?" ಎಂದ ಪಂಪಾಪತಿ.

"ಹುಲಿಗೆಮ್ಮ ರೀ."

"ವಯಸ್ಸು?"

"ನನಗೇನ್ ಗೊತ್ರೀ? ನೀವ ಮಾರಿ ನೋಡಿ ಹಾಕ್ರಿ."

ಪಂಪಾಪತಿ ಒಮ್ಮೆ ತಲೆಯೆತ್ತಿ ನೋಡಿ ಮೂವತ್ತೈದು ಎಂದು ಕುಟ್ಟಿದ. ವಯಸ್ಸಷ್ಟೇ ಕೊಟ್ಟರೆ ಹುಟ್ಟಿದ ದಿನವನ್ನು ಯಂತ್ರವೇ ಜನವರಿ ಒಂದು ಎಂದು ಹಾಕಿಕೊಳ್ಳುತ್ತದೆ. ನಮ್ಮ ಲೆಕ್ಕ ನಂಬಿದರೆ ಹಿರೇಮಡ್ಡಿಯ ಅರ್ಧ ಜನ ಅದೊಂದೇ ದಿನ ಹುಟ್ಟಿದ್ದಾರೆ. ಆಧಾರ್ ಕಾರ್ಡು ಮನೆಯಲ್ಲಿತ್ತು. ಗದ್ದೆಗೆ ಅದನ್ನು ಯಾರು ಒಯ್ಯುತ್ತಾರೆ?

"ಫೋನ್ ನಂಬರ್ ಹೇಳವ್ವ."

"ನನ್ನ ಹಂತ್ಯಾಕ ಎಲ್ಲೈತ್ರೀ ಫೋನು?"

ಫೋನಿನ ಖಾನೆಯ ಪಕ್ಕ ಕೆಂಪು ಚುಕ್ಕಿ ಇತ್ತು. ಚುಕ್ಕಿ ಇದ್ದ ಖಾನೆ ತುಂಬದಿದ್ದರೆ ಪುಟ ಮುಂದಕ್ಕೆ ಹೋಗುವುದಿಲ್ಲ. ಈರಮ್ಮ ಹಿಂದಿನಿಂದ, "ನಂದ ಹಾಕೋ ತಮ್ಮಾ. ಊರಾಗಿನ ಹೆಣಮಕ್ಕಳದೆಲ್ಲ ನಂದ ನಂಬರ್ ಐತಲ್ಲ!" ಎಂದವಳೇ ವೀಲ್‌ಚೇರ್ ತರಲು ಓಡಿದಳು.

ಉಳಿದದ್ದು ಒಂದು ಖಾನೆ. "ಗಂಡನ ಹೆಸರು?"

ಆ ನೋವಿನಲ್ಲೂ ಹುಲಿಗೆಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯ ಶಿವನ, ಅದನ್ ಹ್ಯಾಂಗ ಹೇಳ್ಲಿರೀ ನನ್ನ ಬಾಯಿಲೆ? ಈರಮ್ಮಕ್ಕ ಬರ್ಲಿ, ಆಕಿ ಹೇಳ್ತಾಳ."

ಅಲ್ಲಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಪಂಪಾಪತಿಯ ತಾಯಿಯೂ ಹೇಳಿದವಳಲ್ಲ, ಅವನಿಗೆ ಇದೆಲ್ಲ ಗೊತ್ತಿದ್ದದ್ದೇ. ಆ ಖಾನೆಗೆ ಕೆಂಪು ಚುಕ್ಕಿ ಇರಲಿಲ್ಲ. ಸಾಲು ಬಾಗಿಲಿನಾಚೆ ಬೆಳೆದಿತ್ತು. "ಹೋಗ್ಲಿ ಬಿಡವ್ವ, ಅದೇನ್ ಹಾಕಲೇಬೇಕಂತ ಇಲ್ಲ," ಎಂದು ಗುಂಡಿ ಒತ್ತಿದ. ಹಾಗೆ ಒಂದು ಖಾನೆ ಖಾಲಿ ಇಟ್ಟುಕೊಂಡೇ ನಾನು ಹುಟ್ಟಿದೆ.

ಒಳಗೆ ನಸೀಮಾ ಸಿಸ್ಟರ್ ಗಾಯ ತೊಳೆದು ಕಟ್ಟಿದರು. ಕೀವಾಗದಿರಲೆಂದು ಪೆನ್ಸಿಲಿನ್ ಕೊಡಬೇಕಿತ್ತು. ಒಗ್ಗುತ್ತದೋ ಇಲ್ಲವೋ ನೋಡಲು ಮುಂಗೈ ಚರ್ಮದಡಿ ಒಂದು ಹನಿ ಹಾಕಿದರಷ್ಟೇ. ನೋಡನೋಡುತ್ತಿದ್ದಂತೆ ಹುಲಿಗೆಮ್ಮನ ಮೈತುಂಬ ದದ್ದು ಎದ್ದವು. ತುಟಿ ಬಾತುಕೊಂಡಿತು, ಉಸಿರು ಕಟ್ಟತೊಡಗಿತು. ಸಿಸ್ಟರ್ ಓಡಿದರು, ಡಾಕ್ಟರನ್ನು ಕೂಗಿದರು, ಬೇರೆ ಔಷಧಿ ಕೊಟ್ಟರು. ಹೋದ ಜೀವ ಮರಳಿ ಬಂತು.

ಅವಳು ಎದ್ದು ಕುಳಿತ ಮೇಲೆ ಸಿಸ್ಟರ್ ತಾವೇ ಕೌಂಟರಿಗೆ ಬಂದರು. "ಉಳಿದದ್ದೆಲ್ಲ ಆಮ್ಯಾಲ ಮಾಡು ಪಂಪಾಪತಿ, ಮೊದಲ ಇದನ್ ಹಾಕು. ಪೆನ್ಸಿಲಿನ್ ಈಕಿಗೆ ಆಗಂಗಿಲ್ಲ." ಅವನು ಹಾಕಿದ. ನನ್ನ ನೆತ್ತಿಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ಯಾರು ನನ್ನನ್ನು ತೆರೆದರೂ ಮೊದಲು ಕಾಣುವುದು ಅದೇ.

"ಎಲ್ಲಿ ಹೋದ್ರೂ ಇದನ್ನ ಹೇಳಬೇಕವ್ವ, ಪೆನ್ಸಿಲಿನ್ ಸೂಜಿ ನನಗ ಆಗಂಗಿಲ್ಲ ಅಂತ," ಎಂದರು ಸಿಸ್ಟರ್.

"ಪೆನ್... ಏನ್ರೀ ಅದು? ನನ್ನ ನಾಲಿಗಿಗೆ ಬರವಲ್ದ್ರೀ."

"ಮರ್ತರೂ ಚಿಂತಿಲ್ಲ ಬಿಡು. ಕಂಪ್ಯೂಟರಾಗ ಬರ್ದೀವಿ, ಬೆಂಗಳೂರಿಗೆ ಹೋದ್ರೂ ಅದ ಹೇಳತೈತಿ."

ಅವಳ ಪ್ರಾಣವನ್ನು ನನ್ನ ಕೈಗೆ ಕೊಟ್ಟ ಮಾತದು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು.

ಆದರೆ ಹಿರೇಮಡ್ಡಿಯಲ್ಲಿ ಹುಲಿಗೆಮ್ಮ ಒಬ್ಬಳೇ ಅಲ್ಲ. ಆ ಸೀಮೆಯಲ್ಲಿ ದೇವಿಯ ಹೆಸರನ್ನು ಮನೆಗೊಬ್ಬ ಮಗಳಿಗೆ ಇಡುತ್ತಾರೆ. ನನ್ನವಳ ಮನೆ ಕಾಲುವೆಯ ತೂಬಿನ ಹತ್ತಿರ, ಅದಕ್ಕೇ ಅವಳು ತೂಬಿನ ಹುಲಿಗೆಮ್ಮ. ಅವಳ ಗೆಳತಿಯೊಬ್ಬಳು ಹಿಟ್ಟಿನ ಗಿರಣಿಯ ಪಕ್ಕ ಇದ್ದಳು, ಅವಳು ಗಿರಣಿ ಹುಲಿಗೆಮ್ಮ. ಇಬ್ಬರೂ ಒಂದೇ ಗುಂಪಿನಲ್ಲಿ ನಾಟಿಗೆ ಹೋಗುವವರು, ಒಂದೇ ಬುತ್ತಿಯಲ್ಲಿ ಉಣ್ಣುವವರು. ಊರಿನಲ್ಲಿ ಒಬ್ಬಳನ್ನು ಇನ್ನೊಬ್ಬಳೆಂದು ತಿಳಿದವರು ಯಾರೂ ಇಲ್ಲ, ಎಳೆಯ ಮಕ್ಕಳಿಗೂ ಗೊತ್ತು. ನಮ್ಮ ಮಾನದಂಡದಲ್ಲಿ ಮಾತ್ರ ತೂಬಿಗೂ ಖಾನೆ ಇಲ್ಲ, ಗಿರಣಿಗೂ ಇಲ್ಲ.

ಗಿರಣಿ ಹುಲಿಗೆಮ್ಮನ ದಾಖಲೆಯೂ ಅದೇ ಯಂತ್ರದಲ್ಲಿ ನನ್ನ ಪಕ್ಕದಲ್ಲೇ ಇತ್ತು. ಅದೇ ಹೆಸರು, ಅದೇ ಊರು, ಪಂಪಾಪತಿ ಮುಖ ನೋಡಿ ಹಾಕಿದ ಅದೇ ಮೂವತ್ತೈದು, ಅದೇ ಜನವರಿ ಒಂದು, ಅದೇ ಈರಮ್ಮನ ನಂಬರು. ಗಂಡನ ಹೆಸರಿನ ಖಾನೆ ಅವಳದೂ ಖಾಲಿ. ಅವಳಿಗೆ ಎರಡು ಸಲ ಪೆನ್ಸಿಲಿನ್ ಕೊಟ್ಟಿದ್ದರು, ಏನೂ ಆಗಿರಲಿಲ್ಲ. "ಆಗದ ಔಷಧಿ" ಎಂಬಲ್ಲಿ "ಇಲ್ಲ" ಎಂದಿತ್ತು.

ಒಂದು ದಿನ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಎಲ್ಲ ಆಸ್ಪತ್ರೆಗಳ ದಾಖಲೆಗಳೂ ಒಂದಕ್ಕೊಂದು ಸೇರಬೇಕು. ಅದಕ್ಕೆ ಮೊದಲು ಒಬ್ಬರಿಗೆ ಒಂದೇ ದಾಖಲೆ ಇರುವಂತೆ ಶುದ್ಧ ಮಾಡಬೇಕು. ನಸೀಮಾ ಸಿಸ್ಟರ್ ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಯಂತ್ರ ಒಂದೇ ತರಹ ಕಂಡವರನ್ನೆಲ್ಲ ಜೋಡಿ ಜೋಡಿಯಾಗಿ ಪಂಪಾಪತಿಯ ಮುಂದಿಟ್ಟು, "ಇಬ್ಬರೂ ಒಬ್ಬರೇನಾ?" ಎಂದು ಕೇಳುತ್ತ ಹೋಯಿತು. ನಮ್ಮ ಜೋಡಿ ಬಂದಾಗ ಅವನು ಅನುಮಾನಿಸಿದ, ಅಷ್ಟು ಒಳ್ಳೆಯವನೇ. ಈರಮ್ಮನಿಗೆ ಫೋನು ಮಾಡಿದ. ಅವಳು ಪೋಲಿಯೋ ಹನಿ ಹಾಕುವ ಗದ್ದಲದಲ್ಲಿದ್ದಳು, ಎತ್ತಲಿಲ್ಲ. ಇನ್ನೂ ರಾಶಿ ಜೋಡಿಗಳು ಬಾಕಿ ಇದ್ದವು. "ಎಲ್ಲಾ ಒಂದ ಐತಲ್ಲ, ಒಬ್ಬಾಕಿನ ಇರಬೇಕು," ಎಂದು ಗೊಣಗಿ ಹೌದು ಎಂಬುದನ್ನು ಒತ್ತಿಬಿಟ್ಟ.

ಬೇಡವೋ ಮಾರಾಯಾ! ಎಂದು ನಾನು ಬಡಕೊಂಡೆ. ನನ್ನ ಕೂಗು ಯಾರಿಗೆ ಕೇಳಬೇಕು? ಎರಡು ದಾಖಲೆ ಕೂಡಿದಾಗ ಒಂದು ಹೀಗೆ, ಇನ್ನೊಂದು ಹಾಗೆ ಹೇಳಿದರೆ ಆಮೇಲೆ ಬರೆದದ್ದೇ ಉಳಿಯಬೇಕು ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದರು. ನಸೀಮಾ ಸಿಸ್ಟರ್ ಬರೆಸಿದ್ದು ಮೊದಲು. ಗಿರಣಿಯವಳ "ಇಲ್ಲ" ಬಿದ್ದದ್ದು ನಂತರ. ನನ್ನ ನೆತ್ತಿಯ ಕೆಂಪು ಗೆರೆ ಅಳಿಸಿಹೋಯಿತು.

ಮರುವರ್ಷದ ಕೊಯ್ಲಿನಲ್ಲಿ ಭತ್ತದ ಕೂಳೆ ಚುಚ್ಚಿ ತೂಬಿನ ಹುಲಿಗೆಮ್ಮನ ಕಾಲು ಮತ್ತೆ ಕೆಟ್ಟಿತು. ಕೀವು ತುಂಬಿ ಜ್ವರ ಬಂತು. ಹಿರೇಮಡ್ಡಿಯ ಡಾಕ್ಟರು, ಇಲ್ಲಿ ಆಗುವುದಿಲ್ಲ, ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಗಂಡ ಕೊಯ್ಲಿಗೆಂದು ದೂರದ ವಲಸೆ ರೈತರ ಕ್ಯಾಂಪಿಗೆ ಹೋಗಿದ್ದ. ಜೊತೆಗೆ ಹೋದವಳು ಗಿರಣಿ ಹುಲಿಗೆಮ್ಮ.

ಅವರ ಆಟೋ ಊರ ಗಡಿ ದಾಟುವುದರೊಳಗೆ ನಾನು ತಂತಿಯ ಮೇಲೆ ಅಲ್ಲಿಗೆ ಮುಟ್ಟಿದ್ದೆ. ಪ್ರತಿ ಖಾನೆಯೂ ತನ್ನ ಜಾಗದಲ್ಲೇ ಇತ್ತು, ಒಂದು ಸಂಖ್ಯೆಯೂ ಹೆಚ್ಚುಕಡಿಮೆ ಆಗಿರಲಿಲ್ಲ. ನಮ್ಮ ಮಾನದಂಡ ಸೋಲಲಿಲ್ಲ ನೋಡಿ. ತಪ್ಪನ್ನು ಒಂದಕ್ಷರವೂ ಕೆಡದಂತೆ ದಾಟಿಸಿತು. ಎಲ್ಲವೂ ಮೊದಲೇ ಬಂದಿದ್ದರಿಂದ ಅಲ್ಲಿ ಅವಳನ್ನು ಯಾರೂ ಏನನ್ನೂ ಹೊಸದಾಗಿ ಕೇಳಲಿಲ್ಲ.

"ಹುಲಿಗೆಮ್ಮ ಯಾರು?" ಎಂದು ಡಾಕ್ಟರು ಕರೆದಾಗ ಇಬ್ಬರೂ, "ನಾನ್ರೀ," ಎಂದರು. ಆಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ಡಾಕ್ಟರಿಗೂ ನಗು ಬಂತು. "ಕಾಲು ನೋಯೋ ಹುಲಿಗೆಮ್ಮ ಬಾರಮ್ಮ," ಎಂದರು. ಆ ನಗು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ. ಎಲ್ಲ ಉತ್ತರವೂ ಆ ಹೊತ್ತು ಆ ಕೋಣೆಯಲ್ಲೇ ನಿಂತಿತ್ತು.

ಸೂಜಿ ಕಂಡ ಕೂಡಲೇ ನನ್ನವಳು ಕೈ ಹಿಂದೆಳೆದುಕೊಂಡಳು. "ಸಾಹೇಬ್ರ, ಒಂದು ಸೂಜಿ ನನಗ ಆಗಂಗಿಲ್ರೀ. ಹೋದ ವರ್ಷ ಮಾರಿ ಬಾತು ಸಾಯಾಕ ಬಿದ್ದಿದ್ದೆ."

"ಯಾವ ಇಂಜೆಕ್ಷನ್?"

"ಹೆಸರು ಬರವಲ್ದ್ರೀ... ಕಂಪ್ಯೂಟರಾಗ ಬರ್ದಾರ, ನೋಡ್ರಿ."

ಅವರು ನೋಡಿದರು. ಅವಸರ ಮಾಡಲಿಲ್ಲ, ನನ್ನನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಪರದೆಯನ್ನು ಅವಳ ಕಡೆಗೇ ತಿರುಗಿಸಿದರು. "ಇಲ್ಲಮ್ಮ, ಆಗದ ಔಷಧಿ ಯಾವುದೂ ಇಲ್ಲ ಅಂತಿದೆ. ಇದೇ ಪೆನ್ಸಿಲಿನ್ ಎರಡು ಸಲ ತಗೊಂಡಿದೀಯ, ಏನೂ ಆಗಿಲ್ಲ. ಅವತ್ತು ಬೇರೆ ಯಾವುದೋ ಇರಬೇಕು."

ಓದು ಬಾರದ ಹುಲಿಗೆಮ್ಮ ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. "ಹೌದ್ರೀ? ಅದ ಹೇಳತೈತಂದ್ರ ಖರೇನ ಇರತೈತಿ ಬಿಡ್ರಿ," ಎಂದು ಕೈ ಚಾಚಿದಳು.

ಎರಡು ಸಲ ಒಗ್ಗಿದ ಔಷಧಿ ಎಂದು ಮತ್ತೆ ಪರೀಕ್ಷಿಸಲಿಲ್ಲ. ಈ ಸಲ ಒಂದು ಹನಿಯಲ್ಲ, ಪೂರಾ ಸೂಜಿ. ಅಲ್ಲಿದ್ದವರು ತಮಗೆ ತಿಳಿದದ್ದೆಲ್ಲ ಮಾಡಿದರು. ಹೊತ್ತು ಮುಳುಗುವ ಮೊದಲೇ ಅವಳು ತೀರಿಕೊಂಡಳು. ಔಷಧಿ ಮೈಗೆ ಒಗ್ಗಲಿಲ್ಲ, ಮೊದಲೇ ತಿಳಿಯುವ ದಾರಿ ಇರಲಿಲ್ಲ ಎಂದು ಡಾಕ್ಟರು ಹೇಳಿದರು. ಅವರು ಸುಳ್ಳು ಹೇಳಿದ್ದಲ್ಲ, ಅವರಿಗೆ ಹಾಗೇ ಕಂಡಿತ್ತು. ನನ್ನೊಳಗೆ ಮರಣ ಎಂದು ಬರೆದು ನನ್ನನ್ನು ಹಿರೇಮಡ್ಡಿಗೆ ಕಳಿಸಿದರು.

ದಿನಕರ್ಮ ಮುಗಿದ ಮೇಲೆ ಗಿರಣಿ ಹುಲಿಗೆಮ್ಮ ಬಿಪಿ ಗುಳಿಗೆಗೆಂದು ಕೌಂಟರಿಗೆ ಬಂದಳು. ಪಂಪಾಪತಿ ಕುಟ್ಟಿದ, ಪರದೆ ನೋಡಿ ಪಕಪಕ ನಕ್ಕ. "ಯವ್ವಾ, ನೀ ಸತ್ತೀ ಅಂತ ತೋರಸ್ತೈತಿ! ಪೆನ್ಸಿಲಿನ್ ಸೂಜಿ ಮಾಡಿದಾಗ ಹೋದೀ ಅಂತ ನೋಡು." ಸಾಲಿನಲ್ಲಿದ್ದವರೂ ನಕ್ಕರು.

ಅವಳು ನಗಲಿಲ್ಲ. "ಅದು ತೂಬಿನ ಹುಲಿಗೆಮ್ಮನ ಸಾವು," ಎಂದಳು ಮೆಲ್ಲಗೆ. "ಆಕಿ ಸಾವು ನನ್ನ ಲೆಕ್ಕದಾಗ ಹ್ಯಾಂಗ ಬಂತೋ? ಎರಡು ಸಲ ತಗೊಂಡೀ ಅಂತ ಆ ಡಾಕ್ಟರ್ ಆಕಿಗೆ ಹೇಳಿದ್ರು. ಎರಡು ಸಲ ತಗೊಂಡಾಕಿ ನಾನು. ಅಲ್ಲೇ ಬಾಜೂಕ ನಿಂತಿದ್ನಲ್ಲೋ ತಮ್ಮಾ!"

ಪಂಪಾಪತಿಯ ಮುಖ ಕಪ್ಪಿಟ್ಟಿತು. ಒತ್ತಿದ ಗುಂಡಿ ಅವನಿಗೆ ನೆನಪಾಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ: "ನಿಮ್ಮ ಗಂಡಂದಿರ ಹೆಸರು ಹೇಳಿದ್ರ ಹಿಂಗ ಆಗತಿದ್ದಿಲ್ಲ. ಅದೊಂದ ಖಾನೆ ಬ್ಯಾರೆ ಇರತಿತ್ತು."

"ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳಿದ್ಲು, ಆಕಿ ಅವ್ವನೂ ಹೇಳಿದ್ಲು," ಎಂದಳು. "ಆಕಿ ಹೇಳಲಿಲ್ಲ. ಅವನ ಆಯುಷ್ಯ ಗಟ್ಟಿ ಐತಿ ನೋಡು. ಎರಡು ಕೂಸು ತೊಡಿ ಮ್ಯಾಲ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತಾನ."

ಆಮೇಲೆ ಅವಳು ತಲೆಯ ಮೇಲಿನ ಸೆರಗನ್ನು ತೆಗೆದು, ಇಡೀ ಸಾಲಿಗೆ ಕೇಳುವಂತೆ ಹೇಳಿದಳು. "ನನ್ನ ಗಂಡನ ಹೆಸರು ದುರುಗಪ್ಪ. ತೂಬಿನ ಹುಲಿಗೆಮ್ಮನ ಗಂಡನ ಹೆಸರು ಯಮನೂರಪ್ಪ. ಬರಕೋ." ಪಂಪಾಪತಿ ಅಕ್ಷರ ಅಳಿಸಿ ಅಳಿಸಿ ಬರೆದ.

ನಮ್ಮಿಬ್ಬರನ್ನು ಮತ್ತೆ ಬೇರೆ ಮಾಡಿದರು. ಯಂತ್ರ ಹಳೆಯದನ್ನೆಲ್ಲ ಒಳಗೆ ಇಟ್ಟುಕೊಂಡಿರುತ್ತದೆ, ಹಾಗಾಗಿ ಕೆಂಪು ಗೆರೆ ಮರಳಿ ಬಂತು. ಗಂಡನ ಹೆಸರಿನ ಖಾನೆಗೂ ಈಗ ಕೆಂಪು ಚುಕ್ಕಿ ಬಿದ್ದಿದೆ. ಹೆಂಗಸರು ಇನ್ನೂ ಸೆರಗು ಅಡ್ಡ ಹಿಡಿದು ನಗುತ್ತಾರೆ. ಪಂಪಾಪತಿಯ ಜಾಗಕ್ಕೆ ಬಂದವನು ಆ ಖಾನೆಯಲ್ಲಿ ಒಂದು ಗೀಟು ಎಳೆಯುತ್ತಾನೆ, ಯಂತ್ರ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತದೆ.

ನಾನು ಸತ್ತವರ ದಾಖಲೆಗಳ ಮೂಲೆಯಲ್ಲಿದ್ದೇನೆ. ಅಳಿಸುವುದಕ್ಕೆ ಕಟ್ಟಳೆ ಬಿಡುವುದಿಲ್ಲ, ತೆರೆಯುವುದಕ್ಕೆ ಯಾರಿಗೂ ಕಾರಣವಿಲ್ಲ. ಹಳೆಯ ಕಾಗದದ ಕಟ್ಟುಗಳನ್ನು ಕಂಡು ನಕ್ಕಿದ್ದೆನಲ್ಲ, ಅವು ಎಂದೋ ಮಣ್ಣಾದವು. ನಾನು ಹೀಗೇ ಇರುತ್ತೇನೆ. ಹುಲಿಗೆಮ್ಮ, ಹಿರೇಮಡ್ಡಿ, ಪೆನ್ಸಿಲಿನ್ ಆಗುವುದಿಲ್ಲ, ಗಂಡ ಯಮನೂರಪ್ಪ. ನನ್ನಲ್ಲಿ ಈಗ ಒಂದು ಖಾನೆಯೂ ಖಾಲಿ ಇಲ್ಲ.